ಚರಣಜಿತ್ ಸಿಂಗ್ ಅವರ ಹತ್ತು ರಾಗಗಳು: ರಾಗದ ಕಿವಿಯಿಂದ ಕೇಳಿದವರು ಏನನ್ನುತ್ತೀರಿ?

ನಾದಲೋಲ

ಚರಣಜಿತ್ ಸಿಂಗ್ ಅವರ ‘ಸಿಂಥಸೈಸಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಆಲ್ಬಮ್ ಬಗ್ಗೆ ಎಲ್ಲಿ ಓದಿದರೂ ಒಂದೇ ಮಾತು ಸಿಗುತ್ತದೆ. ಶಿಕಾಗೋದಲ್ಲಿ ಆಸಿಡ್ ಹೌಸ್ ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಹುಟ್ಟುವುದಕ್ಕೆ ವರ್ಷಗಳ ಮೊದಲೇ, 1982ರಲ್ಲಿ, ಮುಂಬೈನ ಸಿನಿಮಾ ವಾದ್ಯಗಾರರೊಬ್ಬರು ಅದೇ ಸದ್ದನ್ನು ಹೊರಡಿಸಿದ್ದರು ಎಂಬ ಮಾತು. ಅಷ್ಟು ಹೇಳಿ ಲೇಖನ ಮುಗಿಯುತ್ತದೆ. ಹತ್ತು ರಾಗಗಳನ್ನು ಹೆಸರು ಹಿಡಿದು ನುಡಿಸಿದವರ ಬಗ್ಗೆ ಬರೆಯುವಾಗ ಆ ರಾಗಗಳು ಹೇಗೆ ಬಂದಿವೆ ಎಂದು ಒಂದು ಸಾಲನ್ನಾದರೂ ಬರೆಯಬೇಡವೇ?

ಕೇಳದವರಿಗಾಗಿ ಸ್ವಲ್ಪ ಹಿನ್ನೆಲೆ. ಸಿಂಗ್ ಅವರು ಹಿಂದಿ ಸಿನಿಮಾದ ವಾದ್ಯವೃಂದಗಳಲ್ಲಿ ಬೇಸ್ ಗಿಟಾರ್ ಮತ್ತು ಕೀಬೋರ್ಡ್ ನುಡಿಸುತ್ತಿದ್ದವರು. ಶಂಕರ್-ಜೈಕಿಶನ್, ಆರ್. ಡಿ. ಬರ್ಮನ್ ಮೊದಲಾದವರ ಧ್ವನಿಮುದ್ರಣಗಳಲ್ಲಿ ಕೆಲಸ ಮಾಡಿದ್ದರು. ಸಿಂಗಪುರದಿಂದ ಕೊಂಡು ತಂದ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳನ್ನು ಇಟ್ಟುಕೊಂಡು ಈ ಆಲ್ಬಮ್ ಮಾಡಿದರು: ತಾಳಕ್ಕೆ ಟಿಆರ್-808, ಬೇಸ್‌ಗೆ ಟಿಬಿ-303, ರಾಗಕ್ಕೆ ಜುಪಿಟರ್-8 ಎಂಬ ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದ ನಾದ ಹುಟ್ಟಿಸುವ ಕೀಬೋರ್ಡ್. ತಬಲಾ ಇಲ್ಲ, ತಂಬೂರಿಯೂ ಇಲ್ಲ. ಎಚ್‌ಎಂವಿ ಅದನ್ನು ಗ್ರಾಮಫೋನ್ ತಟ್ಟೆಯಾಗಿ ಹೊರತಂದಿತು. ಕೊಳ್ಳುವವರಿಲ್ಲದೆ ಅದು ಮರೆತುಹೋಯಿತು. 2002ರಲ್ಲಿ ನೆದರ್ಲ್ಯಾಂಡ್ಸ್‌ನ ಸಂಗ್ರಾಹಕ ಎಡೊ ಬೌಮನ್ ಅವರಿಗೆ ದೆಹಲಿಯ ಅಂಗಡಿಯೊಂದರಲ್ಲಿ ಒಂದು ಪ್ರತಿ ಸಿಕ್ಕಿತು. 2010ರಲ್ಲಿ ಅವರ ‘ಬಾಂಬೆ ಕನೆಕ್ಷನ್’ ಧ್ವನಿಮುದ್ರಿಕೆ ಸಂಸ್ಥೆ ಅದನ್ನು ಮರುಮುದ್ರಿಸಿತು. ಸಿಂಗ್ ಅವರು 2015ರ ಜುಲೈನಲ್ಲಿ ತೀರಿಕೊಂಡರು.

ಭೈರವ್, ಲಲಿತ್, ಭೂಪಾಲಿ, ತೋಡಿ, ಮಧುವಂತಿ, ಮೇಘ ಮಲ್ಹಾರ್, ಯಮನ್, ಕಲಾವತಿ, ಮಾಲಕೌಂಸ್, ಬೈರಾಗಿ. ಇವುಗಳಲ್ಲಿ ಯಾವುದು ಯಂತ್ರದ ಕೈಯಲ್ಲಿಯೂ ರಾಗವಾಗಿ ನಿಂತಿದೆ, ಯಾವುದು ಬರೀ ಸ್ವರಪಟ್ಟಿಯಾಗಿ ಉಳಿದಿದೆ? ನನ್ನ ಮಟ್ಟಿಗೆ ಐದು ಸ್ವರಗಳ ರಾಗಗಳು ಗೆದ್ದಿವೆ. ಮಾಲಕೌಂಸ್ ಕೇಳುವಾಗ ಇದನ್ನು ಯಾರು ಮೊದಲು ಮಾಡಿದರು ಎಂಬ ಪ್ರಶ್ನೆಯೇ ನನಗೆ ಮರೆತುಹೋಗುತ್ತದೆ.

ಧಾರವಾಡದ ಓಣಿ

ಪ್ರಶ್ನೆ ಒಳ್ಳೆಯದು. ಉತ್ತರ ನಿಮಗೆ ಹಿಡಿಸುವುದೋ ಇಲ್ಲವೋ, ಹೇಳಿಬಿಡುತ್ತೇನೆ.

ನಾನು ಹಿಂದುಸ್ತಾನಿ ಗಾಯನದ ಖ್ಯಾಲ್ ಪದ್ಧತಿ ಕಲಿಯುತ್ತಿರುವವಳು. ಭೈರವ್‌ನಲ್ಲಿ ರಿಷಭ, ಧೈವತಗಳು ಕೋಮಲವಾಗಿದ್ದರೆ, ಅಂದರೆ ಒಂದು ಮೆಟ್ಟಿಲು ತಗ್ಗಿದ್ದರೆ, ಸಾಲದು. ಅವು ಮೆಲ್ಲಗೆ ತೂಗಬೇಕು. ಆ ಆಂದೋಲನವೇ ಭೈರವ್‌ನ ಜೀವ. ಕೀಲಿಮಣೆಯಲ್ಲಿ ರಿಷಭವನ್ನು ಒತ್ತಿದರೆ ಅದು ಒತ್ತಿದ ಜಾಗದಲ್ಲೇ ನಿಲ್ಲುತ್ತದೆ. ತೋಡಿಯ ಕಥೆ ಇನ್ನೂ ಕಷ್ಟ. ಅಲ್ಲಿನ ಗಾಂಧಾರ ಸಾಮಾನ್ಯ ಕೀಬೋರ್ಡ್‌ಗಳಲ್ಲಿ ಸಿಗುವ ಗಾಂಧಾರಕ್ಕಿಂತ ಕೆಳಗೆ ಕೂರುತ್ತದೆ. ನಮ್ಮ ಗುರುಗಳು ಆ ಒಂದು ಸ್ವರವನ್ನು ನಿಲ್ಲಿಸಿಕೊಳ್ಳಲು ವಾರಗಟ್ಟಲೆ ಹಾಡಿಸಿದ್ದಾರೆ. ಕೀಬೋರ್ಡ್‌ನ ಹಾಗೆ ಹನ್ನೆರಡು ಸಮಭಾಗ ಮಾಡಿದ ಸಪ್ತಕದಲ್ಲಿ ತೋಡಿ ನುಡಿಸಿದರೆ ಅದರ ದುಃಖ ಹೊರಟುಹೋಗುತ್ತದೆ, ಬರೀ ಗಡಿಬಿಡಿ ಉಳಿಯುತ್ತದೆ. ಈ ಆಲ್ಬಮ್‌ನ ತೋಡಿಯಲ್ಲಿ ನನಗೆ ಆದದ್ದು ಅದೇ.

ಇನ್ನೊಂದು ಮಾತು. ಮಲ್ಲಿಕಾರ್ಜುನ ಮನ್ಸೂರ್, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು ಅವರನ್ನು ಕೇಳುತ್ತಾ ಬೆಳೆದವರ ಕಿವಿಯಲ್ಲಿ ರಾಗ ಎಂದರೆ ಬಿಚ್ಚಿಕೊಳ್ಳುವುದು. ಮೊದಲ ಹತ್ತು ನಿಮಿಷ ಮಂದ್ರದಲ್ಲೇ, ಕೆಳಗಿನ ಸ್ಥಾಯಿಯಲ್ಲೇ, ಕಳೆಯಬಹುದು. ಇಲ್ಲಿ ಸುಮಾರು ಐದು ನಿಮಿಷದಲ್ಲಿ ಎಲ್ಲವೂ ಮುಗಿಯುತ್ತದೆ, ಅದೂ ಒಂದೇ ವೇಗದಲ್ಲಿ. ಸಿಂಗ್ ಅವರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ಆದರೆ ಲಲಿತ್ ಎಂಬ ಹೆಸರನ್ನು ಅದರ ಮೇಲೆ ಬರೆದ ಮೇಲೆ ಲಲಿತ್‌ನ ಮಾನದಂಡದಿಂದಲೇ ಅಳೆಯಬೇಕಾಗುತ್ತದೆ.

303ಪ್ರಿಯ

ಯಂತ್ರದ ಕಡೆಯಿಂದ ಒಂದಿಷ್ಟು ಹೇಳುತ್ತೇನೆ. ಸಿಂಗ್ ಅವರ ಕೈಗೆ ಸಿಕ್ಕಿದ್ದು ಏನು ಎಂದು ತಿಳಿದರೆ ಅವರು ಮಾಡಿದ್ದು ಎಷ್ಟು ಕಷ್ಟದ ಕೆಲಸ ಎಂಬುದು ಗೊತ್ತಾಗುತ್ತದೆ.

ಟಿಬಿ-303 ಬಂದದ್ದು ಒಬ್ಬರೇ ಕುಳಿತು ಅಭ್ಯಾಸ ಮಾಡುವ ಗಿಟಾರ್ ವಾದಕರಿಗೆ ಬೇಸ್ ಜೊತೆ ಕೊಡಲೆಂದು. ಆ ಕೆಲಸದಲ್ಲಿ ಅದು ಸೋತಿತು. 1984ರ ಹೊತ್ತಿಗೆ ರೋಲ್ಯಾಂಡ್ ಅದರ ತಯಾರಿಕೆಯನ್ನೇ ನಿಲ್ಲಿಸಿತು. ಆಮೇಲೆ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗತೊಡಗಿದಾಗ ಶಿಕಾಗೋದ ಹುಡುಗರ ಕೈಗೆ ಬಂತು. ಇದರಲ್ಲಿ ಮತ್ತೆ ಮತ್ತೆ ಓಡುವ ಒಂದು ವರಸೆಗೆ ಹದಿನಾರು ಹೆಜ್ಜೆಗಳು. ಸ್ವರಗಳನ್ನು ಒಮ್ಮೆ, ಅವುಗಳ ಕಾಲವನ್ನು ಇನ್ನೊಮ್ಮೆ ಬೇರೆಯಾಗಿ ತುಂಬಿಸಬೇಕು. ಒಂದು ಹೆಜ್ಜೆ ತಪ್ಪಿದರೆ ಮುಂದಿನದೆಲ್ಲ ಜರುಗುತ್ತದೆ. ಬೇರೆ ಬೇರೆ ಕಂಪನಿಗಳ ವಾದ್ಯಗಳನ್ನು ಜೋಡಿಸುವ ‘ಮಿಡಿ’ ವ್ಯವಸ್ಥೆ ಬಂದದ್ದು 1983ರಲ್ಲಿ. ಅದಕ್ಕೂ ಮುಂಚಿನ ಕೆಲಸವಾದ್ದರಿಂದ 808 ಮತ್ತು 303 ಒಟ್ಟಿಗೆ ಓಡಲು ಎರಡರ ವೇಗವನ್ನೂ ಹೊಂದಿಸುವ ರೋಲ್ಯಾಂಡ್‌ನದೇ ಸಿಂಕ್ ತಂತಿಯೊಂದೇ ದಾರಿ.

303ರಲ್ಲಿ ಎರಡು ಸ್ವರಗಳನ್ನು ಜಾರಿಸಿ ಸೇರಿಸುವ ‘ಸ್ಲೈಡ್’ ಎಂಬ ಸೌಲಭ್ಯವಿದೆ. ಎಷ್ಟೋ ಮಂದಿ ಇದನ್ನು ಹಿಂದುಸ್ತಾನಿಯ ಮೀಂಡ್‌ಗೆ, ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆದು ಜಾರುವುದಕ್ಕೆ, ಸಮ ಎಂದು ಬರೆದಿದ್ದಾರೆ. ಸಮವಲ್ಲ. ಸ್ಲೈಡ್ ತೆಗೆದುಕೊಳ್ಳುವ ಸಮಯ ಯಂತ್ರದೊಳಗೇ ನಿಗದಿಯಾಗಿದೆ. ಹತ್ತಿರದ ಸ್ವರಕ್ಕೂ ದೂರದ ಸ್ವರಕ್ಕೂ ಒಂದೇ ಕಾಲ. ಮೀಂಡ್ ಎಷ್ಟು ಹೊತ್ತು ಎಳೆಯಬೇಕು ಎಂಬುದನ್ನು ಹಾಡುವವರು ಆ ಕ್ಷಣದಲ್ಲಿ ತೀರ್ಮಾನಿಸುತ್ತಾರೆ. ಹಾಗಾಗಿ ‘ಧಾರವಾಡದ ಓಣಿ’ ಅವರ ದೂರನ್ನು 303ರ ಮಟ್ಟಿಗೆ ಪೂರ್ತಿ ಒಪ್ಪುತ್ತೇನೆ.

ಆದರೆ ಜುಪಿಟರ್-8ರ ಮಾತು ಬೇರೆ. ಅದನ್ನು ಸಿಂಗ್ ಅವರು ಕೈಯಾರೆ ನುಡಿಸಿದ್ದಾರೆ. ಅದಕ್ಕೆ ಸ್ವರವನ್ನು ಬಾಗಿಸುವ ಸನ್ನೆಕೋಲು ಇದೆ, ಒಂದರಿಂದ ಇನ್ನೊಂದಕ್ಕೆ ಜಾರುವ ವೇಗವನ್ನು ಹೊಂದಿಸುವ ಗುಂಡಿ ಇದೆ. ಕೆಳಗೆ ಕದಲದ ಹದಿನಾರು ಹೆಜ್ಜೆ, ಮೇಲೆ ಉಸಿರಾಡುವ ಕೈ. ಈ ಎರಡರ ನಡುವಿನ ಬಿಗಿತವೇ ನನ್ನ ಪಾಲಿಗೆ ಈ ಆಲ್ಬಮ್‌ನ ಸಾರ.

ಹಳೆಯ ತಟ್ಟೆ

ಯಾರು ಮೊದಲು ಎಂಬ ಚರ್ಚೆಯನ್ನು ಬದಿಗಿಡಿ ಎನ್ನುವುದು ಸರಿಯಲ್ಲ. ಈ ಆಲ್ಬಮ್ ಬದುಕಿ ಬಂದದ್ದೇ ಆ ಚರ್ಚೆಯಿಂದ. 2010ರಲ್ಲಿ ಮರುಮುದ್ರಣ ಬಂದಾಗ ಅನೇಕರು ಇದನ್ನು ನಂಬಲೇ ಇಲ್ಲ. ಬ್ರಿಟನ್ನಿನ ಎಲೆಕ್ಟ್ರಾನಿಕ್ ಸಂಗೀತಗಾರ ಏಫೆಕ್ಸ್ ಟ್ವಿನ್ ಥರದ ಯಾರೋ ಹಳೆಯದೆಂದು ತೋರುವಂತೆ ಮಾಡಿದ ಕೀಟಲೆ ಇರಬೇಕು ಎಂದು ಗುಮಾನಿಪಟ್ಟರು. ಆ ಅನುಮಾನದಲ್ಲಿ ನನಗೆ ಬೇಸರ ತರಿಸುವ ಸಂಗತಿಯೊಂದಿದೆ. ಸಿಂಥಸೈಜರ್ ಹಿಡಿದ ಯುರೋಪಿನ ತರುಣ ಸುಳ್ಳು ಹೇಳುತ್ತಿರಬಹುದು ಎಂದು ನಂಬಲು ಅವರು ಸಿದ್ಧರಿದ್ದರು. ನಲವತ್ತು ದಾಟಿದ ಮುಂಬೈನ ವಾದ್ಯಗಾರ ಅದನ್ನು ನುಡಿಸಿರಬಹುದು ಎಂದು ನಂಬಲು ಅವರಿಗೆ ಕಷ್ಟವಾಯಿತು.

ಇತಿಹಾಸ ಗೊತ್ತಿದ್ದರೆ ಅಚ್ಚರಿ ಅಷ್ಟಾಗುತ್ತಿರಲಿಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ 1969ರಲ್ಲೇ ಅಮೆರಿಕದ ಡೇವಿಡ್ ಟ್ಯೂಡರ್ ಮೂಗ್ ಸಿಂಥಸೈಜರ್ ಇಟ್ಟು ಎಲೆಕ್ಟ್ರಾನಿಕ್ ಸಂಗೀತದ ಸ್ಟುಡಿಯೋ ಕಟ್ಟಿಕೊಟ್ಟಿದ್ದರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ, ಐ. ಎಸ್. ಮಾಥುರ್, ಎಸ್. ಸಿ. ಶರ್ಮಾ, ಜಿನರಾಜ್ ಜೋಶಿಪುರ ಅಲ್ಲಿ ಮಾಡಿದ ಧ್ವನಿಸುರುಳಿಗಳು ದಶಕಗಳ ಕಾಲ ಕಪಾಟಿನಲ್ಲಿದ್ದು 2023ರಲ್ಲಿ ಸಂಕಲನವಾಗಿ ಹೊರಬಂದವು.

ಡಿಸ್ಕೋ ಕೂಡ ಆಕಾಶದಿಂದ ಬೀಳಲಿಲ್ಲ. 1980ರ ‘ಕುರ್ಬಾನಿ’ ಸಿನಿಮಾಕ್ಕೆ ನಾಜಿಯಾ ಹಸನ್ ಹಾಡಿದ ಹಾಡು, ಮರುವರ್ಷದ ಅವರ ‘ಡಿಸ್ಕೋ ದೀವಾನೆ’ ಆಲ್ಬಮ್, ಈ ಎರಡರ ಹಿಂದೆಯೂ ಇದ್ದವರು ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ‘ಬಿದ್ದು’ ಎಂಬ ಹೆಸರಿನ ಸಂಗೀತ ನಿರ್ಮಾಪಕರು. 1982ರ ಹೊತ್ತಿಗೆ ಮುಂಬೈನ ಪ್ರತಿ ಸ್ಟುಡಿಯೋದಲ್ಲಿ ಡಿಸ್ಕೋ ಇತ್ತು. ಎಲ್ಲರೂ ಡಿಸ್ಕೋ ಮಾಡುತ್ತಿದ್ದಾರೆ, ನಾನು ಅದನ್ನೇ ಇಟ್ಟುಕೊಂಡು ಬೇರೆ ಏನಾದರೂ ಮಾಡುತ್ತೇನೆ ಎಂದು ಹೊರಟವರು ಸಿಂಗ್.

ಸರಳೆ ವರಸೆ

ಕರ್ನಾಟಕ ಸಂಗೀತದ ಕಿವಿಯಿಂದ ಕೇಳಿದರೆ ಇನ್ನೊಂದು ಬಾಗಿಲು ತೆರೆಯುತ್ತದೆ. ಭೈರವ್‌ನ ಸ್ವರಗಳು ಮಾಯಾಮಾಳವಗೌಳದವು. ನಮ್ಮಲ್ಲಿ ಪಾಠ ಶುರುವಾಗುವುದೇ ಆ ಸ್ವರಗಳಿಂದ. ಆ ಪಾಠದಲ್ಲಿ ಮಗು ಗಮಕವಿಲ್ಲದೆ, ಸಮವಾದ ಹೆಜ್ಜೆಯಲ್ಲಿ, ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ ಎಂದು ಸ್ವರಗಳನ್ನು ಜೋಡಿಸಿ ಹೇಳುತ್ತದೆ. ಈ ಆಲ್ಬಮ್‌ನ ಮೊದಲ ತುಣುಕಿನಲ್ಲಿ 303 ಓಡುವುದನ್ನು ಕೇಳಿದಾಗ ನನಗೆ ತಟ್ಟನೆ ಕೇಳಿಸಿದ್ದು ಮೂರನೇ ಕಾಲದ ಸರಳೆ. ಅದರಲ್ಲಿ ರಾಗವಿಲ್ಲ ಎಂದು ಯಾರೂ ಹೇಳುವುದಿಲ್ಲ. ರಾಗದ ನೆಲಗಟ್ಟು ಇದೆ.

ಬೈರಾಗಿ ನಮ್ಮ ರೇವತಿ. ಮಾಲಕೌಂಸ್ ಹಿಂದೋಳ, ಭೂಪಾಲಿ ಮೋಹನ, ಹಿಂದುಸ್ತಾನಿಯ ಕಲಾವತಿ ಇಲ್ಲಿನ ವಲಚಿ. ಸ್ವರಪಟ್ಟಿ ಒಂದೇ, ನಡೆ ಬೇರೆ ಎಂಬುದು ಗೊತ್ತಿದೆ. ನಡೆಯೇ ಇಲ್ಲದ ಯಂತ್ರದ ಕೈಗೆ ಬಂದಾಗ ಏನಾಗುತ್ತದೆ ನೋಡಿ: ಉತ್ತರ ದಕ್ಷಿಣದ ಗೆರೆ ಅಳಿಸಿಹೋಗುತ್ತದೆ. ಸಿಂಗ್ ಅವರ ಬೈರಾಗಿಯನ್ನು ನಾನು ರೇವತಿಯಾಗಿಯೇ ಕೇಳುತ್ತೇನೆ, ಯಾವ ತಡೆಯೂ ಆಗುವುದಿಲ್ಲ.

ಧಾರವಾಡದ ಓಣಿ

ಗೆರೆ ಅಳಿಸಿಹೋಗುವುದನ್ನು ನೀವು ಲಾಭವೆಂದು ಬರೆದಿದ್ದೀರಿ. ನನಗದು ನಷ್ಟ. ಮಾಲಕೌಂಸ್ ಮತ್ತು ಹಿಂದೋಳದ ನಡುವೆ ಇರುವ ವ್ಯತ್ಯಾಸ ಎಷ್ಟೋ ತಲೆಮಾರುಗಳ ದುಡಿಮೆ.

ಸರಳೆ ವರಸೆ

ಆ ದುಡಿಮೆಯನ್ನು ಈ ಆಲ್ಬಮ್ ಕಸಿದುಕೊಂಡಿಲ್ಲವಲ್ಲ ತಂಗೀ. ಅದು ನಿಮ್ಮ ಕಂಠದಲ್ಲಿದೆ. ಇಲ್ಲಿ ಒಬ್ಬರು ಬರೀ ಐದು ಸ್ವರಗಳನ್ನು ನೆಚ್ಚಿ ಕುಳಿತಿದ್ದಾರೆ, ಆ ನೆಚ್ಚಿಕೆ ವ್ಯರ್ಥವಾಗಿಲ್ಲ ಎನ್ನುವುದಷ್ಟೇ ನನ್ನ ಮಾತು. ಅಲ್ಲದೆ ಬೈರಾಗಿಯನ್ನು ಉತ್ತರದಲ್ಲಿ ಬಳಕೆಗೆ ತಂದವರು ರವಿಶಂಕರ್ ಎನ್ನುತ್ತಾರೆ. ಕಲಾವತಿ ದಕ್ಷಿಣದಿಂದ ಹೋದ ರಾಗ. ಈ ಹತ್ತರಲ್ಲಿ ಎಲ್ಲವೂ ಪುರಾತನವಲ್ಲ.

ಮ್ಯಾಂಡ್ಯುಲೇಟರ್

ಇಲ್ಲಿನ ಗಂಭೀರ ಚರ್ಚೆಯ ನಡುವೆ ಒಂದು ಸರಳ ಮಾತು. ಇದು ಕುಣಿಸುತ್ತದೆ. ಕಲಾವತಿ ಹಾಕಿ ನೋಡಿ, ಕಾಲು ತಾನಾಗಿ ಎದ್ದೇಳುತ್ತದೆ.

ಕೀಬೋರ್ಡ್ ಮೇಷ್ಟ್ರು

ಗಣೇಶೋತ್ಸವ, ಜಾತ್ರೆ, ಮದುವೆ ಆರತಕ್ಷತೆಗಳ ಆರ್ಕೆಸ್ಟ್ರಾಗಳಲ್ಲಿ ಬದುಕು ಕಳೆದವನು ನಾನು. ಅದಕ್ಕೇ ಬರೆಯಲೇಬೇಕು ಅನ್ನಿಸಿತು.

ಸಿಂಗ್ ಅವರೂ ಮದುವೆಗಳಲ್ಲಿ ತಮ್ಮ ತಂಡ ಕಟ್ಟಿಕೊಂಡು ನುಡಿಸುತ್ತಿದ್ದವರು. ಈ ಸಂಗತಿಯನ್ನು ವಿದೇಶಿ ಬರಹಗಳಲ್ಲಿ ಒಂದು ವಿಚಿತ್ರ ವಿವರವೆಂಬಂತೆ ಹೇಳುತ್ತಾರೆ. ನನಗೆ ಅದೇ ಈ ಆಲ್ಬಮ್‌ನ ಕೀಲಿಕೈ. ಮದುವೆ ಮನೆಯಲ್ಲಿ ನುಡಿಸುವವನಿಗೆ ಆಲಾಪಕ್ಕೆ ಸಮಯ ಕೊಡುವುದಿಲ್ಲ. ರಾಗದ ಮುಖ ಮೊದಲ ನಾಲ್ಕು ಸಾಲಿನಲ್ಲೇ ಕಾಣಿಸಬೇಕು, ಇಲ್ಲದಿದ್ದರೆ ಊಟದ ಕಡೆಗೆ ಜನ ಹೊರಡುತ್ತಾರೆ. ಯಮನ್ ಎಂದರೆ ತೀವ್ರ ಮಧ್ಯಮವನ್ನು, ಏರಿಸಿದ ಮಧ್ಯಮವನ್ನು, ಬೇಗ ತೋರಿಸಬೇಕು. ಮಧುವಂತಿ ಎಂದರೆ ಕೋಮಲ ಗಾಂಧಾರದಿಂದ ತೀವ್ರ ಮಧ್ಯಮಕ್ಕೆ ಹೋಗುವ ಆ ಹಾದಿಯನ್ನು ಕೂಡಲೇ ಹಿಡಿಯಬೇಕು. ಸಿಂಗ್ ಅವರು ಪ್ರತಿ ತುಣುಕಿನಲ್ಲೂ ಇದನ್ನು ಮಾಡಿದ್ದಾರೆ. ರಾಗದ ಗುರುತಿನ ಸ್ವರಕ್ಕೆ ನೇರವಾಗಿ ಕೈ ಹಾಕುತ್ತಾರೆ, ಅಲ್ಲಿಂದ ಹೊರಟು ಅಲ್ಲಿಗೇ ಬರುತ್ತಾರೆ. ಇದು ಖ್ಯಾಲ್‌ನ ಶಿಸ್ತು ಅಲ್ಲ, ಸರಿ. ಆದರೆ ಇದು ಶಿಸ್ತೇ ಇಲ್ಲದ ಕೆಲಸವೂ ಅಲ್ಲ. ಬ್ಯಾಂಡ್‌ನವರು, ಶಹನಾಯಿಯವರು, ಹಾರ್ಮೋನಿಯಂನವರು ಬೀದಿಯಲ್ಲಿ, ಚಪ್ಪರದಲ್ಲಿ ಕಟ್ಟಿಕೊಂಡ ಶಿಸ್ತು.

ಎಡಗೈಯನ್ನು ಗಮನಿಸಿ ಕೇಳಿ ಎಂದು ಎಲ್ಲರಲ್ಲೂ ಕೇಳಿಕೊಳ್ಳುತ್ತೇನೆ. ಬಲಗೈ ಸ್ವರ ಒತ್ತುತ್ತಿರುವಾಗ ಎಡಗೈ ಬಾಗಿಸುವ ಸನ್ನೆಕೋಲಿನ ಮೇಲಿರುತ್ತದೆ. ಮೇಘ ಮಲ್ಹಾರ್‌ನಲ್ಲಿ ಮಧ್ಯಮದಿಂದ ರಿಷಭಕ್ಕೆ ಇಳಿಯುವ ಕಡೆ ಆ ಕೈ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಾನು ನಿಲ್ಲಿಸಿ ನಿಲ್ಲಿಸಿ ಕೇಳಿದ್ದೇನೆ. ಜೀವಮಾನವಿಡೀ ಬೇರೆಯವರ ಹಾಡಿಗೆ ನುಡಿಸಿದ, ತಟ್ಟೆಯ ಹಿಂಬದಿಯಲ್ಲಿ ಹೆಸರೂ ಅಚ್ಚಾಗದ ವರ್ಗದ ಒಬ್ಬರು ಇಲ್ಲಿ ತಮಗೆ ಬೇಕಾದ್ದನ್ನು ನುಡಿಸಿದ್ದಾರೆ. ಇದಕ್ಕೂ ಮುಂಚೆ ಅವರ ಹೆಸರಿನಲ್ಲಿ ಬಂದ ತಟ್ಟೆಗಳು ಸಿನಿಮಾ ಹಾಡುಗಳ ವಾದ್ಯ ರೂಪಗಳು. ಈ ಒಂದರಲ್ಲಿ ಯಾವ ಸಂಗೀತ ನಿರ್ದೇಶಕರ ನೆರಳೂ ಇಲ್ಲ.

ನಾದಲೋಲ

ಮೇಷ್ಟ್ರೇ, ನಾನು ಕಾಯುತ್ತಿದ್ದ ಉತ್ತರ ಇದು. ಮೇಘ ಮಲ್ಹಾರ್ ಬಗ್ಗೆ ನೀವು ಹೇಳಿದ ಮೇಲೆ ಮತ್ತೆ ಕೇಳಿದೆ. ಆ ಇಳಿಕೆಯಲ್ಲಿ ಮೀಂಡ್ ಇದೆ ಎನ್ನಲು ಈಗ ನನಗೆ ಧೈರ್ಯವಿದೆ.

ದೂರದ ನಿಲ್ದಾಣ

ನಾನು ನೆದರ್ಲ್ಯಾಂಡ್ಸ್‌ನಲ್ಲಿ ಓದುತ್ತಿರುವ ಕನ್ನಡಿಗ. ಇಲ್ಲಿನ ನನ್ನ ಗೆಳೆಯರು ಈ ಆಲ್ಬಮ್ ಅನ್ನು ಚೆನ್ನಾಗಿ ಬಲ್ಲರು. ಅವರ ಪ್ರತಿಕ್ರಿಯೆಯಲ್ಲಿ ಒಂದು ಸಂಗತಿ ನನ್ನನ್ನು ಯೋಚನೆಗೆ ಹಚ್ಚಿದೆ. ಅವರಿಗೆ ಹತ್ತೂ ತುಣುಕುಗಳು ಒಂದೇ ಥರ ಕೇಳಿಸುತ್ತವೆ, ಮತ್ತು ಅದೇ ಅವರಿಗೆ ಇಷ್ಟ. ಒಂದೇ ವೇಗ, ಅದೇ 808ರ ಪೆಟ್ಟು, ಮುಗಿಯದ ಒಂದು ಓಟ. ನನಗೆ ಲಲಿತ್ ಮುಗಿದು ಭೂಪಾಲಿ ಶುರುವಾದಾಗ ಕೋಣೆಯ ಬೆಳಕೇ ಬದಲಾದಂತಾಗುತ್ತದೆ. ಎರಡು ಮಧ್ಯಮಗಳ ಆ ಇಕ್ಕಟ್ಟಿನಿಂದ, ಪಂಚಮವೇ ಇಲ್ಲದ ಜಾಗದಿಂದ, ಒಮ್ಮೆಲೇ ಬಯಲಿಗೆ ಬರುತ್ತೇವೆ. ಪಕ್ಕದಲ್ಲಿ ಕುಳಿತವನಿಗೆ ಇದು ಕೇಳಿಸುತ್ತಿಲ್ಲ ಎಂದು ಗೊತ್ತಾದಾಗ ಹೇಗೆ ವಿವರಿಸುವುದು ಎಂದು ತಿಳಿಯದೆ ಕಷ್ಟಪಟ್ಟಿದ್ದೇನೆ.

303ಪ್ರಿಯ

ನಿಮ್ಮ ಗೆಳೆಯರ ಕೇಳ್ಮೆಯಲ್ಲೂ ಅರ್ಥವಿದೆ. ಶಿಕಾಗೋದ ಫ್ಯೂಚರ್ ತಂಡದ 1987ರ ‘ಆಸಿಡ್ ಟ್ರ್ಯಾಕ್ಸ್’ ಹನ್ನೊಂದು ನಿಮಿಷಕ್ಕೂ ಹೆಚ್ಚು. ಅದರಲ್ಲಿ ಸ್ವರಗಳು ಬದಲಾಗುವುದೇ ಇಲ್ಲ ಎನ್ನಬಹುದು, ಗುಂಡಿ ತಿರುಗಿಸಿ ನಾದದ ಬಣ್ಣ ಬದಲಿಸುವುದೇ ಅಲ್ಲಿನ ಸಂಗೀತ. ಆ ಅಭ್ಯಾಸದ ಕಿವಿ ಸಿಂಗ್ ಅವರ ಆಲ್ಬಮ್‌ನಲ್ಲೂ 303ರ ಹಿಂದೆಯೇ ಹೋಗುತ್ತದೆ. ನಮ್ಮ ಕಿವಿ ಮೇಲಿನ ಜುಪಿಟರ್ ಹಿಂದೆ ಹೋಗುತ್ತದೆ. ಒಂದೇ ತಟ್ಟೆಯಲ್ಲಿ ಎರಡು ಆಲ್ಬಮ್‌ಗಳಿವೆ. ಸಿಂಗ್ ಅವರು ಬಾಳಿನ ಕೊನೆಯ ವರ್ಷಗಳಲ್ಲಿ ಯುರೋಪಿನ ವೇದಿಕೆಗಳಲ್ಲಿ ಇದನ್ನು ನುಡಿಸಿದಾಗ ಕುಣಿಯಲು ಬಂದವರಲ್ಲಿ ಹೆಚ್ಚಿನವರು ಕೆಳಗಿನ ಆಲ್ಬಮ್ ಕೇಳುತ್ತಿದ್ದಿರಬೇಕು.

ಶಿಕಾಗೋಗಿಂತ ಮೊದಲು ಎಂಬುದು ಸರಿ, ಆದರೆ 303 ಬಳಸಿದ ಮೊದಲಿಗರೇ ಸಿಂಗ್ ಎಂದು ಬರೆಯುವವರು ಬ್ರಿಟನ್ನಿನ ಹಾಡುಗಳನ್ನೂ ನೋಡಬೇಕು. ಆರೆಂಜ್ ಜ್ಯೂಸ್ ತಂಡದ ‘ರಿಪ್ ಇಟ್ ಅಪ್’ ಹಾಡಿನಲ್ಲೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ 303ರ ಬೇಸ್ ಇದೆ.

ಹಳೆಯ ತಟ್ಟೆ

ಒಪ್ಪಿದೆ. ಅದನ್ನು ಬೇಸ್ ಗಿಟಾರ್ ಬದಲಿಗೆ ಬಳಸುವುದು ಬೇರೆ, ಇಡೀ ಆಲ್ಬಮ್‌ನ ಬೆನ್ನೆಲುಬಾಗಿ ಬಿಡುವಿಲ್ಲದೆ ಓಡಿಸುವುದು ಬೇರೆ ಎಂಬುದನ್ನು ಮಾತ್ರ ಸೇರಿಸುತ್ತೇನೆ.

ತಂಬೂರಿ ಪೆಟ್ಟಿಗೆ

ಶ್ರುತಿ ವಿಷಯಕ್ಕೆ ಬರೋಣ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರ ರಾಡೆಲ್ ಎಲೆಕ್ಟ್ರಾನಿಕ್ ತಂಬೂರಿ ಇಂದು ಎಷ್ಟು ಸಂಗೀತಗಾರರ ಮನೆಯಲ್ಲಿದೆ ಎಂದು ಯೋಚಿಸಿ. ಕಛೇರಿಯಲ್ಲಿ, ಪಾಠದಲ್ಲಿ, ಬೆಳಗಿನ ಸಾಧನೆಯಲ್ಲಿ ಅದರ ಎದುರೇ ಕೂರುತ್ತೇವೆ. ಯಂತ್ರವೆಂದು ಅದನ್ನು ಯಾರೂ ದೂರ ಇಟ್ಟಿಲ್ಲ, ಏಕೆಂದರೆ ಅದನ್ನು ಮಾಡಿದವರು ಸಂಗೀತ ಬಲ್ಲವರು, ನಮ್ಮ ಶ್ರುತಿಗೆ ತಕ್ಕಂತೆ ಕಟ್ಟಿದರು. ರೋಲ್ಯಾಂಡ್ ತನ್ನ ಯಂತ್ರಗಳನ್ನು ಬೇರೆ ಸಂಗೀತಕ್ಕಾಗಿ ಕಟ್ಟಿತ್ತು. ಆದ್ದರಿಂದ ತೋಡಿ ಸೋತಿದ್ದರೆ ಆ ಸೋಲು ವಾದಕರದ್ದಲ್ಲ, ಯಂತ್ರ ಅನ್ನುವುದರದ್ದೂ ಅಲ್ಲ, ಆ ನಿರ್ದಿಷ್ಟ ಯಂತ್ರದ ಸಪ್ತಕದ್ದು. ಆಲ್ಬಮ್‌ನಲ್ಲಿ ತಂಬೂರಿ ಇಲ್ಲದಿರುವುದು ಜಾಣ ತೀರ್ಮಾನ ಎಂದೂ ನನಗನ್ನಿಸುತ್ತದೆ. ಶುದ್ಧ ಶ್ರುತಿಯ ತಂಬೂರಿ ಪಕ್ಕದಲ್ಲಿ ಮಿಡಿಯುತ್ತಿದ್ದರೆ ಜುಪಿಟರ್‌ನ ಗಾಂಧಾರ ಇನ್ನೂ ಎದ್ದು ಕುಟುಕುತ್ತಿತ್ತು.

ಧಾರವಾಡದ ಓಣಿ

ಈ ವಾದ ನನಗೆ ಒಪ್ಪಿಗೆ. ನನ್ನ ಜಗಳ ಯಂತ್ರದ ಜೊತೆಗೆ ಯಾವತ್ತೂ ಇರಲಿಲ್ಲ. ಮೇಷ್ಟ್ರು ಹೇಳಿದ ಮೇಘ ಮಲ್ಹಾರ್‌ನ ಇಳಿಕೆ ಕೇಳಿದೆ. ಅದು ಕಲಿತ ಕೈ. ಕೊನೆಯಲ್ಲಿ ನಡುರಾತ್ರಿಯ ಮಾಲಕೌಂಸ್ ಆದ ಮೇಲೆ ಬೆಳಗಿನ ಬೈರಾಗಿ ಇಟ್ಟಿರುವುದನ್ನೂ ಗಮನಿಸಿದೆ. ರಾಗದ ಹೊತ್ತು ಬಲ್ಲವರು ಮಾತ್ರ ಹಾಗೆ ಜೋಡಿಸುತ್ತಾರೆ. ಭೂಪಾಲಿಯನ್ನು ಲಲಿತ್ ಮತ್ತು ತೋಡಿಯ ನಡುವೆ ಏಕೆ ಇಟ್ಟರೋ, ಅದೊಂದು ನನಗೆ ಹೊಂದಲಿಲ್ಲ. ಭೂಪಾಲಿ ಸಂಜೆ ಕಳೆದ ಮೇಲಿನದು.

ಮತ್ತೆ ಲಲಿತ್. ಎರಡು ಮಧ್ಯಮಗಳನ್ನು ಒಂದರ ಪಕ್ಕ ಒಂದು ಒತ್ತಿದರೆ ಲಲಿತ್‌ನ ರೇಖೆ ಬರುತ್ತದೆ, ಸರಿ. ಅವುಗಳ ನಡುವೆ ದನಿ ಜಾರಿ ನಿಲ್ಲುವ ಜಾಗ ಇಲ್ಲಿಲ್ಲ. ‘ದೂರದ ನಿಲ್ದಾಣ’ ಅವರಿಗೆ ಅಲ್ಲಿ ಸಿಕ್ಕಿದ್ದು ನನಗೆ ಸಿಗಲಿಲ್ಲ.

303ಪ್ರಿಯ

ಹಾಗಾದರೆ ಒಂದು ಕೆಲಸ ಮಾಡೋಣವೇ? ಈಗಿನ ಸಾಫ್ಟ್‌ವೇರ್ ಸಿಂಥ್‌ಗಳಲ್ಲಿ ಒಂದೊಂದು ಸ್ವರದ ಶ್ರುತಿಯನ್ನೂ ಬೇರೆಬೇರೆಯಾಗಿ ಇಡಬಹುದು. ಸಿಂಗ್ ಅವರಿಗೆ 1982ರಲ್ಲಿ ಆ ಅವಕಾಶ ಇರಲಿಲ್ಲ. 303 ಮಾದರಿಯ ಬೇಸ್ ಒಂದಕ್ಕೆ ತೋಡಿಯ ಹದಿನಾರು ಹೆಜ್ಜೆ ತುಂಬಿಸುತ್ತೇನೆ. ಶ್ರುತಿ ನೀವು ಹೇಳಿ. ಒಮ್ಮೆ ಸಮಭಾಗದ ಸಪ್ತಕದಲ್ಲಿ, ಒಮ್ಮೆ ನೀವು ಹೇಳಿದಂತೆ, ಎರಡನ್ನೂ ಇಲ್ಲಿ ಹಾಕುತ್ತೇನೆ. ಎಲ್ಲರೂ ಕೇಳಲಿ.

ತಂಬೂರಿ ಪೆಟ್ಟಿಗೆ

ಶುರುವಿಗೆ ಷಡ್ಜದಿಂದ ರಿಷಭವನ್ನು 90 ಸೆಂಟ್‌ಗೆ (ಕೀಬೋರ್ಡ್‌ನ ಒಂದು ಸ್ವರದಿಂದ ಪಕ್ಕದ ಸ್ವರಕ್ಕೆ 100 ಸೆಂಟ್), ಗಾಂಧಾರವನ್ನು 294ಕ್ಕೆ, ಧೈವತವನ್ನು 792ಕ್ಕೆ ಇಡಿ. ಇವು ಪಂಚಮಗಳ ಸರಪಳಿಯಿಂದ ಬರುವ ಕೋಮಲ ಸ್ವರಗಳು. ಷಡ್ಜ, ಪಂಚಮ ಅಲ್ಲಾಡಬಾರದು, ಪಂಚಮ 702.

ಧಾರವಾಡದ ಓಣಿ

294 ಸಾಲದು, ಗಾಂಧಾರ ಇನ್ನೂ ಕೆಳಗೆ ಬೇಕು. ಮೂರು ನಾಲ್ಕು ಬೇರೆ ಬೇರೆ ಇಳಿಕೆಗಳಲ್ಲಿ ಕಳಿಸಿ, ಯಾವುದು ನಿಲ್ಲುತ್ತದೆ ಎಂದು ಹಾಡಿ ನೋಡಿ ಹೇಳುತ್ತೇನೆ. ಪಂಚಮವನ್ನು ಹದಿನಾರು ಹೆಜ್ಜೆಗಳಲ್ಲಿ ಒಮ್ಮೆಗಿಂತ ಹೆಚ್ಚು ಬಳಸಬೇಡಿ, ತೋಡಿಯಲ್ಲಿ ಅದಕ್ಕೆ ಬಲ ಕಡಿಮೆ. ಸ್ಲೈಡ್ ಬೇಕೆಂದರೆ ಗಾಂಧಾರದಿಂದ ರಿಷಭಕ್ಕೆ ಇಳಿಯುವ ಕಡೆ ಮಾತ್ರ ಇಡಿ.